ನಾಲ್ಕು ಊರಿನ ಗುಳಿಗೆ

ಆ ಮಳೆಗಾಲಕ್ಕೆ ನಾನು ತೆತ್ತ ಬೆಲೆ ನನ್ನ ಅಕ್ಕನ ಎರಡು ಮೂತ್ರಪಿಂಡ. ರೊಕ್ಕವೂ ಹೋಯಿತು, ಆದರೆ ಅದರ ಮಾತು ಇಲ್ಲಿ ಬೇಡ. ನಾಲ್ಕು ಸಂತೆ ಚೆನ್ನಾಗಿ ನಡೆದರೆ ಹೋದ ರೊಕ್ಕ ಮರಳಿ ಬರುತ್ತದೆ. ಇದು ಬರಲಿಲ್ಲ. ಯಾಕೆ ತೆತ್ತೆ ಅಂದರೆ, ನಾಲ್ಕು ಊರಿನ ನಾಲ್ಕು ವೈದ್ಯರಲ್ಲಿ ಒಬ್ಬರು ಕೊಟ್ಟ ಔಷಧ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ನೋಡಿಕೊಂಡೆ. ಮರೆತು ಮಾಡಿದ್ದಲ್ಲ. ಬೇಕಂತಲೇ ಮಾಡಿದ್ದು, ಅದೇ ಜಾಣತನ ಅಂದುಕೊಂಡು.

ಇದನ್ನು ಈಗ ಬರೆಯಲು ಕಾರಣ ಒಂದು ವಾಸನೆ. ಮೊನ್ನೆ ಸವಣೂರಿನ ದನದ ಸಂತೆಯಲ್ಲಿ ಒಬ್ಬಾತ ಬಿಳಿ ಎತ್ತು ಹಿಡಿದು ನಿಂತಿದ್ದ. ಹತ್ತು ಮಾರು ದೂರದಲ್ಲೇ ನನ್ನ ಮೂಗಿಗೆ ಬಡಿಯಿತು. ಹುಳಿ ಅಲ್ಲದ, ಕೊಳೆತದ್ದೂ ಅಲ್ಲದ, ನವಸಾಗರದ ಡಬ್ಬಿ ತೆರೆದಾಗ ಕಣ್ಣಲ್ಲಿ ನೀರು ಬರುತ್ತದಲ್ಲ, ಅಂಥದ್ದು.

"ಮಳ್ಯಾಗ ತೋಯ್ದೈತ್ರಿ, ಅದಕ್ಕ ಸ್ವಲ್ಪ ನಾರತೈತಿ" ಅಂದ ಆತ.

"ಇದು ಮಳಿ ವಾಸನಿ ಅಲ್ಲೋ ಮಾರಾಯಾ. ಎತ್ತಿಗೆ ಮೂತ್ರ ಕಟ್ಟೈತಿ. ಮಾರೂದು ಬಿಡು, ಮೊದಲು ದನದ ಡಾಕ್ಟರ್ ಕಡೆ ಹೊಡಕೊಂಡು ಹೋಗು."

ಹೇಳಿ ಮುಗಿಸಿ ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ. ಆ ವಾಸನೆ ನನ್ನ ಮನೆಯಲ್ಲೇ ಎಂಟು ದಿನ ಇತ್ತು. ಸಂತೆಯಲ್ಲಿ ಪರರ ಎತ್ತಿಗೆ ಹಿಡಿಯುವ ಮೂಗು ಮನೆಯೊಳಗೆ ಅಕ್ಕನ ಪಕ್ಕದಲ್ಲಿ ಕೂತಾಗ ಹಿಡಿದಿರಲಿಲ್ಲ.

ನಾನು ದನದ ದಲ್ಲಾಳಿ. ಮನೆ ಬಂಕಾಪುರದಲ್ಲಿ, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನನ್ನ ತಿರುಗಾಟದ ಊರುಗಳು. ಸಂತೆ ನೋಡಿದವರಿಗೆ ನಮ್ಮ ಪದ್ಧತಿ ಗೊತ್ತಿರುತ್ತದೆ. ಮಾರುವವನ ಕೈ, ಕೊಳ್ಳುವವನ ಕೈ ಒಂದು ಟವೆಲ್ಲಿನ ಕೆಳಗೆ ಸೇರುತ್ತವೆ. ಬೆರಳು ಹಿಡಿದು ಒತ್ತಿದರೆ ಬೆಲೆ. ಇಡೀ ಅಂಗೈ ಹಿಡಿದು ಒಮ್ಮೆ ಗಟ್ಟಿಯಾಗಿ ಒತ್ತಿದರೆ, ಸುಮ್ಮನಿರು, ಈಗ ಬಾಯಿ ಬಿಡಬೇಡ ಅಂತ ಅರ್ಥ. ಸುತ್ತ ನಿಂತವರಿಗೆ ನಮ್ಮ ಮುಖ ಕಾಣುತ್ತದೆ, ವ್ಯವಹಾರ ಕಾಣುವುದಿಲ್ಲ. ಇನ್ನೊಂದು ನಿಯಮ ಹಲ್ಲಿನದು. ಎತ್ತಿನ ಹಲ್ಲು ನೋಡಿ ಒಬ್ಬ ವಯಸ್ಸು ಹೇಳಿದ ಅಂದುಕೊಳ್ಳಿ, ಅದನ್ನು ಎರಡನೆಯವನಿಗೆ ಹೇಳಬಾರದು. ಹೇಳಿದರೆ ಅವನು ಬಾಯಿ ತೆರೆದು ನೋಡದೆ ಹೂಂ ಅಂದುಬಿಡುತ್ತಾನೆ. ಅವನಷ್ಟಕ್ಕೆ ಅವನೇ ನೋಡಿ ಹೇಳಬೇಕು. ಇಬ್ಬರ ಮಾತೂ ಕೂಡಿದರೆ ನಂಬು, ಕೂಡದಿದ್ದರೆ ಮೂರನೆಯವನನ್ನು ಕರೆ. ಈ ನಿಯಮದ ಮೇಲೆ ನಾನು ಮೂವತ್ತು ವರ್ಷ ಬಾಳಿದ್ದೇನೆ. ಎತ್ತಿನ ಮಟ್ಟಿಗೆ ಅದು ಇಂದಿಗೂ ಸರಿಯೇ.

ಅಕ್ಕ ನೀಲವ್ವ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಗಂಡ ತೀರಿದ ಮೇಲೆ ತವರಿಗೆ ಬಂದು, ಪರರ ಕರುಗಳನ್ನು ಅರ್ಧ ಪಾಲಿಗೆ ಮೇಯಿಸಿ, ನನ್ನನ್ನು ಸಾಕಿದವಳು. ನಾನು ಸಂತೆಯಲ್ಲಿ ಮಾರಿದ ಮೊದಲ ಹೋರಿ ಅವಳ ಪಾಲಿಗೆ ಬಂದದ್ದು. ಟವೆಲ್ಲಿನ ಕೆಳಗಿನ ಭಾಷೆ ಅವಳಿಗೂ ಗೊತ್ತು. ಮೊದಮೊದಲು ಮನೆಯಲ್ಲಿ ನನ್ನ ಕೈ ಹಿಡಿದು ಅಭ್ಯಾಸ ಮಾಡಿಸಿದ್ದೇ ಅವಳು. ನನ್ನ ಹೆಂಡತಿ ತೀರಿ, ಮಗಳನ್ನು ರಟ್ಟೀಹಳ್ಳಿಗೆ ಕೊಟ್ಟ ಮೇಲೆ ಮನೆಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ. ಎಪ್ಪತ್ತರ ಹತ್ತಿರ ವಯಸ್ಸು, ಆದರೂ ನಾಲಿಗೆ ಹರಿತ.

ಮೃಗಶಿರ ಮಳೆ ಆ ವರ್ಷ ಹೇಳಿದ ದಿನಕ್ಕೇ ಶುರುವಾಯಿತು. ಅದೇ ವಾರ ಅಕ್ಕನಿಗೆ ತಲೆ ಭಾರ, ಕಣ್ಣಿಗೆ ಮಬ್ಬು. ನನಗೆ ಹಾನಗಲ್ಲಿನ ಸಂತೆ ಇತ್ತು, ಜೊತೆಗೆ ಕರೆದುಕೊಂಡು ಹೋದೆ. ಅಲ್ಲಿನ ವೈದ್ಯರು ತೋಳಿಗೆ ಪಟ್ಟಿ ಕಟ್ಟಿ, ಬಿಪಿ ಜಾಸ್ತಿ ಇದೆ ಅಂದರು. ದಿನಕ್ಕೊಂದು ಗುಳಿಗೆ. ತಿಂಗಳಿಗೊಮ್ಮೆ ತಪ್ಪದೆ ಬನ್ನಿ ಅಂದರು. ಗುಳಿಗೆ ಹಿಡಿಯಿತು, ತಲೆ ಹಗುರಾಯಿತು. ಅದೇ ಗುಳಿಗೆಯನ್ನು ಔಷಧ ಅಂಗಡಿಯಿಂದ ತರುತ್ತ ಹೋದೆ, ವೈದ್ಯರ ಹತ್ತಿರ ಮರಳಿ ಹೋಗಲಿಲ್ಲ.

ಆರಿದ್ರಾ ಮಳೆಗೆ ಅಂಗಳದಲ್ಲಿ ಜಾರಿ ಕುಳಿತಳು. ಮೊದಲೇ ಸವೆದ ಮೊಣಕಾಲು; ಏಳಲಾರಳು, ಕೂರಲಾರಳು. ಶಿಗ್ಗಾಂವಿಗೆ ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಎಲುಬಿನ ಡಾಕ್ಟರು ಬರುತ್ತಿದ್ದರು. ಅಲ್ಲಿಗೆ ಹೊರಡುವಾಗ ಅಕ್ಕ ಹಾನಗಲ್ಲಿನ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡಿದ್ದಳು. ನಾನು ಬಿಚ್ಚಿಸಿದೆ.

"ಯಾಕೋ? ಡಾಕ್ಟರ್ ಕೇಳಿದ್ರ?"

"ಕೇಳಿದ್ರ ಇಲ್ಲನ್ನು. ಇದನ್ನ ನೋಡಿದ್ರ ಅವರು ಹೇಳಿದ್ದನ್ನ ಇವರೂ ಹೇಳ್ತಾರ. ಇವರ ಕೈಗುಣ ಇವರಿಂದನ ಗೊತ್ತಾಗಲಿ."

"ನನ್ನ ಹಲ್ಲು ನೋಡಿಸಾಕ ಹೊಂಟಾನ ನನ್ನ ತಮ್ಮ" ಅಂದಳು ಅಕ್ಕ. "ಬಾಲಾನೂ ಎತ್ತಿ ತೋರಸು, ಚಲೋ ಗಿರಾಕಿ ಸಿಕ್ರ ಕೊಟ್ಟಬಿಡು."

ಇಬ್ಬರೂ ನಕ್ಕೆವು. ಎಲುಬಿನ ವೈದ್ಯರು ನೋವಿನ ಗುಳಿಗೆ ಬರೆದರು, ಹತ್ತು ದಿನಕ್ಕೆ. ಹತ್ತು ದಿನದಲ್ಲಿ ಅಕ್ಕ ರೊಟ್ಟಿ ಬಡಿಯಲು ಕೂತಳು. ಇಷ್ಟು ಚೆನ್ನಾಗಿ ಕೆಲಸ ಮಾಡುವ ಗುಳಿಗೆಯನ್ನು ಯಾಕೆ ನಿಲ್ಲಿಸಬೇಕು? ಅಂಗಡಿಯಲ್ಲಿ ಅದೇ ಚೀಟಿ ತೋರಿಸಿ ಮತ್ತೆ ತಂದೆ. ಮತ್ತೆ ತಂದೆ.

ಪುನರ್ವಸು ಮಳೆಯ ಹೊತ್ತಿಗೆ ಅಕ್ಕನ ಪಾದ ಚಪ್ಪಲಿಯಲ್ಲಿ ಹಿಡಿಸಲಿಲ್ಲ. ಬೆರಳಿನಿಂದ ಒತ್ತಿದರೆ ಹಸಿ ಗೋಡೆಯಲ್ಲಿ ಬಿದ್ದ ಹಾಗೆ ಗುಳಿ ಬೀಳುತ್ತಿತ್ತು, ಮೇಲೇಳಲು ಹೊತ್ತು ತೆಗೆದುಕೊಳ್ಳುತ್ತಿತ್ತು. ಸವಣೂರಿನ ಖಾದರಸಾಬ ನನ್ನ ಜೊತೆಯ ದಲ್ಲಾಳಿ. ನನ್ನಷ್ಟೇ ಹಳೆಯ ಹುಲಿ. ತನ್ನೂರಿನ ವೈದ್ಯರ ಹೆಸರು ಹೇಳಿ, ತಾನೇ ದವಾಖಾನೆಗೆ ಬಂದು ಸರತಿಗೆ ಹೆಸರು ಬರೆಸಿದ.

"ಹಳೀ ಕಾಗದ ತಂದೀಯೇನೊ ಚನ್ನಪ್ಪಾ?"

"ತಂದಿಲ್ಲ. ತರೂದೂ ಇಲ್ಲ."

"ಯಾಕ?"

ನಾನು ಹೆಗಲ ಮೇಲಿನ ಟವೆಲ್ ಮುಟ್ಟಿ ತೋರಿಸಿದೆ. ಖಾದರಸಾಬ ಹಣೆ ಚಚ್ಚಿಕೊಂಡ. "ಯಾ ಅಲ್ಲಾ! ಡಾಕ್ಟರ್ ಮುಂದೂ ಟವೆಲ್ ಹಾಕ್ತೀಯಲ್ಲೋ ಮಗನ! ಅವರೇನು ನಿಮ್ಮಕ್ಕನ್ನ ಕೊಳ್ಳಾಕ ಕುಂತಾರೇನು?"

ಅವತ್ತು ಅದನ್ನು ನಾನು ಚೇಷ್ಟೆ ಅಂದುಕೊಂಡೆ. ಸವಣೂರಿನ ವೈದ್ಯರು ಕಾಲು ನೋಡಿ, ನೀರಿಳಿಸುವ ಗುಳಿಗೆ ಕೊಟ್ಟರು. ಅಕ್ಕ ದಿನಕ್ಕೆ ಹತ್ತು ಸಲ ಹಿತ್ತಲಿಗೆ ಓಡಾಡಿದಳು, ಬಾವು ಇಳಿಯಿತು. ಮೂರು ಊರು, ಮೂರು ರೋಗ, ಮೂರೂ ಹಿಡಿತಕ್ಕೆ ಬಂದವು ಅಂತ ನನಗೆ ಹೆಮ್ಮೆ. ಆ ಬಾವು ನೋವಿನ ಗುಳಿಗೆಯಿಂದಲೇ ಬಂದಿರಬಹುದು ಅಂತ ಹೇಳುವವರು ಯಾರಿದ್ದರು? ಹೇಳಬಹುದಾದವರಿಗೆ ಆ ಗುಳಿಗೆ ಇದೆ ಅನ್ನುವುದೇ ಗೊತ್ತಿರಲಿಲ್ಲ.

ಒಂದು ಊರಿನ ಗುಳಿಗೆ ಇನ್ನೊಂದು ಊರಿನ ದವಾಖಾನೆಯಲ್ಲಿ ಚೀಲದಿಂದ ಬೀಳಬಾರದು ಅಂತ ನಾನು ಮಾಡಿದ ಏರ್ಪಾಟು ಕೇಳಿ. ಎಲ್ಲವನ್ನೂ ಹೆಸರು ಅಚ್ಚಾದ ಬೆಳ್ಳಿಬಣ್ಣದ ಹಾಳೆಯಿಂದ ಒಡೆದು ಡಬ್ಬಿಗೆ ಹಾಕಿದೆ. ಹಾನಗಲ್ಲಿನದು ಮುಲಾಮಿನ ಡಬ್ಬಿಗೆ, ಶಿಗ್ಗಾಂವಿಯದು ತಂಬಾಕಿನ ಡಬ್ಬಿಗೆ, ಸವಣೂರಿನದು ತೊಳೆದ ಸುಣ್ಣದ ಡಬ್ಬಿಗೆ. ಚೀಟಿಗಳು ನನ್ನ ಅಂಗಿಯ ಬೇರೆ ಬೇರೆ ಕಿಸೆಗಳಲ್ಲಿ. ಅಕ್ಕನಿಗೆ ಓದು ಬಾರದು, ಗುಳಿಗೆಗಳಿಗೆ ಊರಿನ ಹೆಸರನ್ನೇ ಇಟ್ಟುಕೊಂಡಳು. ನಾನು ಸಂತೆ ಮುಗಿಸಿ ಬಂದರೆ ಹೇಳುತ್ತಿದ್ದಳು: "ಹಾನಗಲ್ ಆತು, ಶಿಗ್ಗಾಂವಿ ಆತು, ಸವಣೂರ ಬಾಕಿ ಐತಿ. ನೀನು ಬಸ್ಸಿನ್ಯಾಗ ತಿರಗತಿ, ನಾನು ಕುಂತಲ್ಲೇ ತಿರಗಾಕತ್ತೇನಿ ನೋಡು."

ಪುಷ್ಯ ಮಳೆ ಬಿಡದೆ ಹಿಡಿಯಿತು. ಥಂಡಿಗೆ ಮೊಣಕಾಲು ಮತ್ತೆ ಕೂಗಿತು. ಆಶ್ಲೇಷದ ಹೊತ್ತಿಗೆ ಅಕ್ಕ ರಟ್ಟೀಹಳ್ಳಿಯಲ್ಲಿ ನನ್ನ ಮಗಳ ಮನೆಯಲ್ಲಿದ್ದಳು. ನಾನು ಹಿರೇಕೆರೂರಿನ ಸಂತೆಗೆ ಹೋಗುವಾಗ ಅಕ್ಕನನ್ನೂ ಕರೆದುಕೊಂಡು ಹೋಗಿ ಅಲ್ಲಿನ ವೈದ್ಯೆಗೆ ತೋರಿಸಿದೆ. ವಯಸ್ಸು ಚಿಕ್ಕದು, ಆದರೆ ಗಡಿಬಿಡಿ ಇಲ್ಲದ ಹೆಣ್ಣುಮಗಳು. ಹೊರಗೆ ಸಾಲಿನಲ್ಲಿ ನಲವತ್ತು ಜನ ಇದ್ದರೂ ಪೆನ್ನು ಕೆಳಗಿಟ್ಟು ಕೇಳಿದರು.

"ಇದಕ್ಕ ಮೊದಲು ಎಲ್ಲೆರ ತೋರಿಸೀರೇನ್ರಿ?"

"ಇಲ್ರಿ ಮೇಡಂ. ನಿಮ್ಮ ಕಡೇನ ಮೊದಲು."

"ಬಿಪಿ, ಸಕ್ಕರಿ, ನೋವು, ಯಾವುದಕ್ಕೂ ಗುಳಿಗಿ ತಗೋಳಾಕತ್ತಿಲ್ಲ?"

"ಏನೂ ಇಲ್ರಿ."

ಅವರು ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿದರು. "ಅಮ್ಮಾ, ನೀವ ಹೇಳ್ರಿ. ಮನ್ಯಾಗ ಏನರ ಗುಳಿಗಿ ನುಂಗ್ತೀರೇನು?"

ಅಕ್ಕನ ಪಕ್ಕದಲ್ಲೇ ಬಾಕಿನ ಮೇಲೆ ಕುಳಿತಿದ್ದೆ. ತೋಯ್ದ ಟವೆಲ್ ನಮ್ಮಿಬ್ಬರ ಮೊಣಕಾಲ ಮೇಲೆ ಹರಡಿತ್ತು. ಅದರ ಕೆಳಗೆ ಅಕ್ಕನ ಕೈ ಸಿಕ್ಕಿತು. ಅಂಗೈ ಹಿಡಿದು ಒಮ್ಮೆ ಗಟ್ಟಿಯಾಗಿ ಒತ್ತಿದೆ.

ಅಕ್ಕ ನನ್ನ ಮುಖ ನೋಡಲಿಲ್ಲ. ವೈದ್ಯೆಯ ಮುಖ ನೋಡುತ್ತ, "ಇಲ್ಲವ್ವಾ" ಅಂದಳು.

ಆ ವೈದ್ಯೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಾದ ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ ಅಂದರು. ಕಿಡ್ನಿ ಹೇಗಿದೆ ನೋಡಿಬಿಡೋಣ ಅಂದರು. ನಾನು ಸಂತೆಯ ನಗು ನಕ್ಕೆ. "ಮುಂದಿನ ಸಂತಿಗೆ ಬಂದಾಗ ಮಾಡಸ್ತೇನ್ರಿ. ಸದ್ಯ ನೋವಿಗೆ ಏನರ ಕೊಡ್ರಿ." ಕೊಟ್ಟರು, ಐದೇ ದಿನಕ್ಕೆ. ಅದು ಕುಂಕುಮದ ಡಬ್ಬಿಗೆ ಹೋಯಿತು. ಹೊರಗೆ ಬಂದ ಮೇಲೆ ಅಕ್ಕ ಅಂದಳು: "ಆಕಿ ಅಷ್ಟು ಕಳಕಳೀಲೆ ಕೇಳಿದಳಲ್ಲೋ." ನಾನು ಕೊಡೆ ಬಿಚ್ಚುತ್ತ, "ಕೇಳೂದು ಅವರ ಕೆಲಸ" ಅಂದೆ. ಅಕ್ಕ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಹೊರಗೆ ಗೋವಿನಜೋಳದ ಹೊಲಗಳಲ್ಲಿ ನೀರು ನಿಂತು ಎಲೆಗಳು ಹಳದಿಗೆ ತಿರುಗಿದ್ದವು. ಮೇಲೆ ನೋಡಿದರೆ ನಿಂತ ಬೆಳೆ, ಬೇರು ಆಗಲೇ ಕೊಳೆಯುತ್ತಿತ್ತು.

ಮಘಾ ಮಳೆಯಲ್ಲಿ ನಲ್ಲಿಯ ನೀರು ಕೆಂಪಗೆ ಬಂತು. ಓಣಿಯಲ್ಲಿ ಮನೆಮನೆಗೆ ಭೇದಿ. ಅಕ್ಕನಿಗೂ ಎರಡು ದಿನ ಹಿಡಿದು ಬಿಟ್ಟಿತು. ಆ ಎರಡು ದಿನವೂ ಗಂಜಿಯ ಗುಟುಕಿನ ಜೊತೆ ನಾಲ್ಕೂ ಡಬ್ಬಿಯ ಗುಳಿಗೆಗಳನ್ನು ತಪ್ಪದೆ ನುಂಗಿದಳು. ನಾನೇ ಎಣಿಸಿ ಅಂಗೈಗೆ ಹಾಕಿದೆ. ಹೊಟ್ಟೆಯಲ್ಲಿ ನೀರಿಲ್ಲ, ಮೇಲಿಂದ ನೀರಿಳಿಸುವ ಗುಳಿಗೆ. ಅದರ ಮೇಲೆ ಐದು ದಿನಕ್ಕೆ ಅಂತ ಬರೆದ ಹಿರೇಕೆರೂರಿನ ಗುಳಿಗೆಯನ್ನು ಹದಿನೈದನೆಯ ದಿನವೂ ಕೊಡುತ್ತಿದ್ದೆ.

ಭೇದಿ ನಿಂತಿತು. ಆಮೇಲೆ ಬಂದದ್ದು ನನಗೆ ರೋಗದ ಹಾಗೆ ಕಾಣಲೇ ಇಲ್ಲ, ಆರಾಮದ ಹಾಗೆ ಕಂಡಿತು. ಅಕ್ಕ ಹೆಚ್ಚು ನಿದ್ದೆ ಮಾಡತೊಡಗಿದಳು. ದಣಿದಿದ್ದಾಳೆ, ಮಲಗಲಿ ಅಂದೆ. ಮುಖ ತುಂಬಿಕೊಂಡಿತು, ಮೈ ಹಿಡೀತು ಅಂದೆ. ರೊಟ್ಟಿ ಕಬ್ಬಿಣ ನೆಕ್ಕಿದ ಹಾಗೆ ಹತ್ತತೈತಿ ಅಂದಳು. ಹೊಸ ಜೋಳದ ದೋಷ ಅಂದೆ. ಒಂದು ಮಧ್ಯಾಹ್ನ ಅವಳೇ ಖುಷಿಯಿಂದ ಹೇಳಿದಳು:

"ಚಲೋ ಆತು ನೋಡು ತಮ್ಮಾ. ಮ್ಯಾಲಿಂದ ಮ್ಯಾಲೆ ಹಿತ್ತಲಕ ಹೋಗೂದು ತಪ್ತು. ಸವಣೂರ ಗುಳಿಗಿ ಈಗ ಸಂಭಾವಿತ ಆಗೇತಿ, ಕಾಡೂದಿಲ್ಲ."

"ಮಳ್ಯಾಗ ಜಾರೂದು ತಪ್ತು ಬಿಡು" ಅಂದೆ ನಾನೂ.

ಆ ಎಂಟು ದಿನ ಮನೆಯಲ್ಲಿ ಆ ವಾಸನೆ ಇತ್ತು. ಅವಳು ಬಾಯಿ ತೆರೆದರೆ ಬರುತ್ತಿತ್ತು. ಒದ್ದೆ ಹಾಸಿಗೆಯದಿರಬೇಕು ಅಂತ ನಾನು ಲೋಬಾನ ಹಾಕಿದೆ. ಹೊಗೆಯ ನಡುವೆ ಕೂತು ಅಕ್ಕ ಮೈ ಕೆರೆದುಕೊಳ್ಳುತ್ತಿದ್ದಳು, ಕೆರೆದುಕೊಳ್ಳುತ್ತಲೇ ತೂಕಡಿಸುತ್ತಿದ್ದಳು.

ಹುಬ್ಬಿ ಮಳೆ ಹುಟ್ಟುವ ಹಿಂದಿನ ದಿನ ಬೆಳಿಗ್ಗೆ ಹಸೀನಾ ಬಂದಳು. ನಮ್ಮ ಓಣಿಯ ಆಶಾ ಕಾರ್ಯಕರ್ತೆ. ನೀರಿನ ಹಂಡೆ, ಬ್ಯಾರಲ್ಲುಗಳಲ್ಲಿ ಸೊಳ್ಳೆಯ ಮರಿ ಹುಡುಕಲು ಮನೆಮನೆಗೆ ಬರುತ್ತಾಳೆ. ಹಿತ್ತಲಿಗೆ ಹೋಗುವವಳು ಪಡಸಾಲೆಯಲ್ಲೇ ನಿಂತಳು.

"ನೀಲವ್ವಕ್ಕಾ, ಮುಖ ಯಾಕ ಹಿಂಗ ಬಾತೈತಿ?"

"ಬಾತಿಲ್ಲವ್ವಾ, ದಪ್ಪ ಆಗೇನಿ. ತಮ್ಮ ಮೇಸಾಕತ್ತಾನ."

ಹಸೀನಾ ನಗಲಿಲ್ಲ. ನನ್ನ ಕಡೆ ತಿರುಗಿದಳು. "ಕಾಕಾ, ಏನೇನು ಗುಳಿಗಿ ನುಂಗಾಕತ್ತಾರ?"

"ಬಿಪಿದು ಒಂದು. ಹಾನಗಲ್ ಡಾಕ್ಟರ್ ಕೊಟ್ಟಿದ್ದು." ಎಡಗಿಸೆಯಿಂದ ಒಂದೇ ಚೀಟಿ ತೆಗೆದುಕೊಟ್ಟೆ. ಆ ಹೊತ್ತಿಗೂ ನನ್ನ ಕೈ ತನ್ನ ಚಾಳಿ ಬಿಟ್ಟಿರಲಿಲ್ಲ.

ಆಗ ಅಕ್ಕ ನಿದ್ದೆಗಣ್ಣಲ್ಲೇ ಹೇಳಿದಳು: "ಶಿಗ್ಗಾಂವಿ ಇವತ್ತ ಇನ್ನೂ ನುಂಗಿಲ್ಲೋ. ಹಿರೇಕೆರೂರ ಒಂದು ಕೊಟ್ಟೀ ಅಷ್ಟ."

ಹಸೀನಾ ಒಮ್ಮೆ ಅಕ್ಕನನ್ನು, ಒಮ್ಮೆ ನನ್ನನ್ನು ನೋಡಿದಳು. ಮುಂದೆ ಬಂದು ನನ್ನ ಹೆಗಲ ಮೇಲಿನ ಟವೆಲ್ ಎಳೆದುಕೊಂಡಳು. ಕಟ್ಟೆಯ ಮೇಲೆ ಬೆಳಕು ಬೀಳುವಲ್ಲಿ ಅದನ್ನು ಹಾಸಿದಳು.

"ತರ್ರಿ ಕಾಕಾ. ಎಲ್ಲಾ ಇದರ ಮ್ಯಾಲೆ ಇಡ್ರಿ. ಚೀಟೀನೂ ಇಡ್ರಿ."

ನಾಲ್ಕು ಡಬ್ಬಿ ಬಂದವು, ನಾಲ್ಕು ಕಿಸೆಯಿಂದ ನಾಲ್ಕು ಚೀಟಿ ಬಂದವು. ಆ ಟವೆಲ್ಲಿನ ಮೇಲೆ ಏನಾದರೂ ಇಟ್ಟದ್ದನ್ನು ನಾನು ಮೊದಲ ಬಾರಿ ನೋಡಿದ್ದು. ಅವಳು ಚೀಟಿಗಳನ್ನು ಸಾಲಾಗಿಟ್ಟು ಫೋಟೋ ತೆಗೆದು ತಮ್ಮ ಆರೋಗ್ಯ ಕೇಂದ್ರದ ವೈದ್ಯರಿಗೆ ಕಳಿಸಿದಳು. ಎರಡು ನಿಮಿಷಕ್ಕೆ ಫೋನ್ ಬಂತು. ಕೇಳಿಸಿಕೊಳ್ಳುತ್ತ ಹಸೀನಾ ತಂಬಾಕಿನ ಡಬ್ಬಿಯನ್ನೂ ಕುಂಕುಮದ ಡಬ್ಬಿಯನ್ನೂ ಪಕ್ಕಪಕ್ಕಕ್ಕೆ ಸರಿಸಿದಳು.

"ಇವೆರಡೂ ಒಂದ ಔಷಧ ಅಂತ ಕಾಕಾ. ಕಂಪನಿ ಬ್ಯಾರೆ, ಬಣ್ಣ ಬ್ಯಾರೆ. ಎರಡು ಪಟ್ಟು ನುಂಗ್ಯಾರ. ಬಿಪಿ ಗುಳಿಗಿ, ನೀರಿಂದು, ಮ್ಯಾಲೆ ಇವು, ಕೂಡಿದ್ರ ಕಿಡ್ನಿಗೆ ಹೊಡೀತಾವಂತ." ಫೋನು ಕಿವಿಗಿಟ್ಟುಕೊಂಡೇ ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. "ನೀಲವ್ವಕ್ಕಾ, ಡಾಕ್ಟರ್ ಕೇಳಾಕತ್ತಾರ. ಮೂತ್ರಕ್ಕ ಯಾವಾಗ ಹೋಗಿದ್ರಿ?"

ಅಕ್ಕ ಬೆರಳು ಮಡಿಚಿ ಎಣಿಸಿದಳು.

"ನಿನ್ನೆ... ಅಲ್ಲ. ಮೊನ್ನೆ ಮುಂಜಾನೆ ಹೋಗಿದ್ದಿರಬೇಕು."

ಆಗ ನನ್ನ ಮೂಗು ತೆರೆಯಿತು. ಲೋಬಾನದ ಹೊಗೆಯನ್ನು ದಾಟಿ ಆ ವಾಸನೆ ಬಂತು, ಅದು ಯಾವುದು ಅಂತ ತಿಳಿಯಿತು. ಮೂವತ್ತು ವರ್ಷದಲ್ಲಿ ಅಂಥ ಎಷ್ಟು ಎತ್ತುಗಳನ್ನು ಕೈಬೀಸಿ ಆಚೆ ಕಳಿಸಿದ್ದೆ.

ಅಂದೇ ಆಂಬ್ಯುಲೆನ್ಸಿನಲ್ಲಿ ಹಾವೇರಿ, ಅಲ್ಲಿಂದ ಹುಬ್ಬಳ್ಳಿ. ಹೆದ್ದಾರಿಯಲ್ಲಿ ಮಳೆ ಎಷ್ಟಿತ್ತೆಂದರೆ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅಕ್ಕ ದಾರಿಯುದ್ದಕ್ಕೂ ಕರುಗಳ ಹೆಸರು ಹಿಡಿದು ಕರೆದಳು. ನಲವತ್ತು ವರ್ಷದ ಹಿಂದೆ ಅರ್ಧ ಪಾಲಿಗೆ ಮೇಯಿಸಿದ ಕರುಗಳು. ಹುಬ್ಬಳ್ಳಿಯಲ್ಲಿ ಕುತ್ತಿಗೆಗೆ ನಳಿಕೆ ಹಾಕಿ, ರಕ್ತ ತೊಳೆಯುವ ಡಯಾಲಿಸಿಸ್ ಯಂತ್ರಕ್ಕೆ ಕಟ್ಟಿದರು. ಮೂರನೆಯ ದಿನ ಕಣ್ಣು ಬಿಟ್ಟು ನನ್ನನ್ನು ಗುರುತಿಸಿದಳು. ಜೀವ ಉಳಿಯಿತು.

ಅಲ್ಲಿನ ಹಿರಿಯ ವೈದ್ಯರ ಮುಂದೆ ನಾನು ಚೀಟಿಗಳನ್ನು ಹಿಡಿದು ಜಗಳಕ್ಕೆ ಸಿದ್ಧನಾಗಿ ನಿಂತಿದ್ದೆ. ಯಾರಾದರೊಬ್ಬರ ಮೇಲೆ ಹೊರಿಸದೆ ನನಗೆ ನಿದ್ದೆ ಬರುವಂತಿರಲಿಲ್ಲ. "ಈ ನಾಕರಾಗ ಯಾರ ತಪ್ಪು ಹೇಳ್ರಿ ಸಾಹೇಬ್ರ."

ಅವರು ನಾಲ್ಕನ್ನೂ ಓದಿದರು. "ಒಬ್ಬೊಬ್ಬರದು ನೋಡಿದ್ರ ಯಾವುದೂ ತಪ್ಪಲ್ರಿ. ಹತ್ತು ದಿನ ಅಂದಾರ, ಐದು ದಿನ ಅಂದಾರ, ತಿಂಗಳಿಗೆ ಬರ್ರಿ ಅಂದಾರ. ಒಬ್ಬರಿಗೂ ಉಳಿದ ಮೂವರದು ಗೊತ್ತಿದ್ದಿಲ್ಲ ಅಷ್ಟ." ಕನ್ನಡಕ ತೆಗೆದು ಕೇಳಿದರು: "ನಾಕೂ ಗೊತ್ತಿದ್ದವರು ಯಾರು?"

ನಾನು ಚೀಟಿಗಳನ್ನು ವಾಪಸ್ಸು ತೆಗೆದುಕೊಂಡೆ.

ಮೂರು ತಿಂಗಳು ಕಾಯಿರಿ, ಕೆಲವರ ಕಿಡ್ನಿ ತಿರುಗಿ ಕೆಲಸ ಶುರುಮಾಡುತ್ತದೆ ಅಂದಿದ್ದರು. ಉತ್ತರಿ, ಹಸ್ತ, ಚಿತ್ತಿ, ಸ್ವಾತಿ, ಒಂದೊಂದೇ ಮಳೆ ದಾಟಿತು. ಅಕ್ಕನಿಗೆ ಒಂದು ಅಳತೆಯ ಲೋಟ ಕೊಟ್ಟಿದ್ದರು, ಮೂತ್ರ ಎಷ್ಟಾಗುತ್ತದೆ ನೋಡಲು. ಬೆಳಿಗ್ಗೆ ಎದ್ದ ಕೂಡಲೇ ನಾನು ಅದನ್ನೇ ಕೇಳುತ್ತಿದ್ದೆ. ಅವಳು ಒಂದು ಬೆರಳಿನ ತುದಿಯನ್ನು ತೋರಿಸುತ್ತಿದ್ದಳು. ಸುಗ್ಗಿಯ ಹೊತ್ತಿಗೆ ಅದೂ ನಿಂತಿತು. ಈಗ ವಾರಕ್ಕೆ ಎರಡು ದಿನ ತಾಲೂಕು ಆಸ್ಪತ್ರೆಯಲ್ಲಿ ನಾಲ್ಕು ತಾಸು ಯಂತ್ರ. ದಿನಕ್ಕೆ ಕುಡಿಯಲು ಅರ್ಧ ಲೀಟರ್ ನೀರು. ಹೊರಗೆ ಎಷ್ಟೇ ಮಳೆ ಬೀಳಲಿ, ಅವಳಿಗೆ ಅರ್ಧ ಲೀಟರ್.

ಯಂತ್ರದ ಪಕ್ಕದಲ್ಲಿ ಕೂತಿದ್ದಾಗ ಒಂದು ದಿನ ಅಕ್ಕ ತಾನಾಗಿಯೇ ಹಿರೇಕೆರೂರಿನ ಮಾತು ತೆಗೆದಳು.

"ಆಕಿ ನನ್ನ ಕೇಳಿದಳು. ನಾ ಹೇಳಬೇಕಿತ್ತು."

"ನಾನ ಒತ್ತಿದ್ನಲ್ಲಕ್ಕಾ."

"ಹೂಂ. ವ್ಯಾಪಾರದ ನಡುವ ಬಾಯಿ ಹಾಕಿದ್ರ ಕೆಡತೈತಿ ಅಂತ ಸುಮ್ನಾದೆ." ನನ್ನ ಹೆಗಲ ಮೇಲಿನ ಟವೆಲ್ ನೋಡಿ ಕೇಳಿದಳು: "ಏನು ಕೊಂಡಿ ಅವತ್ತ?"



ಚಳಿಗಾಲದಲ್ಲಿ ಒಂದು ವಹಿ ಕೊಂಡು, ಎಲ್ಲವನ್ನೂ ಅದರಲ್ಲಿ ಬರೆಸಿ, ನಾಲ್ಕೂ ಊರಿಗೆ ಮತ್ತೆ ಹೋದೆ. ಮೂವರು ವೈದ್ಯರು ಕೇಳಿ ಲೊಚಗುಟ್ಟಿದರು, ಇನ್ನು ಮೇಲೆ ಇದನ್ನೇ ತನ್ನಿ ಅಂದರು. ಹಿರೇಕೆರೂರಿನ ವೈದ್ಯೆ ಮಾತ್ರ ವಹಿಯ ಪುಟಗಳನ್ನು ಒಂದೊಂದಾಗಿ ತಿರುಗಿಸಿ, ತಮ್ಮ ಗುಳಿಗೆಯ ಹೆಸರು ಬಂದಲ್ಲಿ ಬೆರಳಿಟ್ಟು ನಿಂತರು. ಹೊರಗೆ ಸಾಲು ಹಾಗೇ ಇತ್ತು.

"ನಾ ಕೇಳಿದ್ದೆ ಅಲ್ರಿ" ಅಂದರು. ಸಿಟ್ಟಿನಿಂದಲ್ಲ. ಅಷ್ಟು ಮೆಲ್ಲಗೆ ಅಂದದ್ದನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ಇನ್ನು ನಿಮಗೆ. ಆಸ್ಪತ್ರೆಯ ಹೊರಗಿನ ಬಾಕಿನ ಮೇಲೆ ನಾಲ್ಕು ತಾಸು ಕೂರುವವನಿಗೆ ಸುಮ್ಮನಿರಲು ಆಗುವುದಿಲ್ಲ; ಪಕ್ಕದಲ್ಲಿ ಕೂತವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಈ ಬರಹ ಕೆಳಗಿಟ್ಟ ಕೂಡಲೇ, ಬೆಳಕಿರುವಾಗಲೇ, ಮನೆಯಲ್ಲಿ ಹಿರಿಯರು ನುಂಗುವ ಎಲ್ಲ ಗುಳಿಗೆಗಳನ್ನು ಒಂದು ಬಟ್ಟೆಯ ಮೇಲೆ ಸುರಿಯಿರಿ. ದಿಂಬಿನ ಕೆಳಗಿನದು, ದೇವರ ಗೂಡಿನಲ್ಲಿ ಇಟ್ಟದ್ದು, ನೆರೆಯವರು ಕೊಟ್ಟದ್ದು, ನಾಟಿ ಔಷಧಿಯ ಪುಡಿ, ಏನೂ ಬಿಡಬೇಡಿ. ಹಾಳೆಯಿಂದ ಒಡೆದು ಡಬ್ಬಿಗೆ ಹಾಕಬೇಡಿ. ಹೆಸರು ಇರುವುದು ಹಾಳೆಯ ಮೇಲೆ. ಒಂದೇ ವಹಿ ಮಾಡಿ, ಯಾವ ಊರಿಗೆ ಹೋದರೂ ಅದೇ ಹೋಗಲಿ, ಹಳೆಯ ಚೀಟಿಗಳೂ ಅದರೊಳಗೇ ಇರಲಿ. ಪ್ರತಿ ಗುಳಿಗೆಯ ಮುಂದೆ ಎಷ್ಟು ದಿನ ಅಂತ ಬರೆಸಿ, ಆ ದಿನ ಮುಗಿದ ಮೇಲೆ ಅಂಗಡಿಗೆ ಹೋಗಬೇಡಿ, ವೈದ್ಯರ ಹತ್ತಿರ ಹೋಗಿ. ಭೇದಿ, ವಾಂತಿ ಹಿಡಿದ ದಿನ ಯಾವುದನ್ನು ಕೊಡಬೇಕು, ಯಾವುದನ್ನು ನಿಲ್ಲಿಸಬೇಕು ಅಂತ ಫೋನ್ ಮಾಡಿ ಕೇಳಿ. ನೀವೇ ತೀರ್ಮಾನ ಮಾಡಬೇಡಿ. ಮೂತ್ರ ಕಡಿಮೆಯಾದರೆ ಅದನ್ನು ಆರಾಮ ಅಂದುಕೊಳ್ಳಬೇಡಿ, ಅಂದೇ ಹೊರಡಿ. ಇಬ್ಬರು ವೈದ್ಯರ ಅಭಿಪ್ರಾಯ ಬೇಕೇ? ಧಾರಾಳವಾಗಿ ಕೇಳಿ, ಆದರೆ ಮೊದಲನೆಯವರು ಹೇಳಿದ್ದನ್ನು ಎರಡನೆಯವರ ಮುಂದೆ ಇಟ್ಟೇ ಕೇಳಿ. ಚೌಕಾಸಿ ಮಾಡಲೇಬೇಕು ಅನಿಸಿದರೆ ಅವರ ಸಮಯಕ್ಕೆ ಮಾಡಿ: ಇನ್ನೆರಡು ನಿಮಿಷ ಕೊಡ್ರಿ, ಇವೆಲ್ಲ ಒಂದಕ್ಕೊಂದು ಕೂಡ್ತಾವೇನು ನೋಡ್ರಿ ಅನ್ನಿ. ನಾಚಬೇಡಿ, ಆ ಎರಡು ನಿಮಿಷಕ್ಕೆ ಹಟ ಹಿಡಿಯಿರಿ.

ಮತ್ತೆ, ರೋಗಿಯ ಪಕ್ಕದಲ್ಲಿ ಕೂರುವಾಗ ಎರಡೂ ಕೈ ಮೇಜಿನ ಮೇಲೆ ಇಟ್ಟುಕೊಳ್ಳಿ. ಬೇರೆ ಏನಾದರೂ ಗುಳಿಗೆ ನುಂಗುತ್ತೀರಾ ಅಂತ ವೈದ್ಯರು ಅವರನ್ನೇ ಕೇಳಿದಾಗ ನೀವು ಬಾಯಿ ಮುಚ್ಚಿ. ಅವರು ಹೇಳಲಿ.